ಮೂರನೇ ಕಿವಿ

ಕಂಪ್ಯೂಟರು ತಾನಾಗಿಯೇ ಆನ್ ಆಗುವುದನ್ನು ನಿಲ್ಲಿಸುವ ಉಪಾಯ ಹಿರೇಗಣಿ ಕಾಲೊನಿಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಹಳೆಯ ಸೈಕಲ್ ಟ್ಯೂಬು, ಒಂದು ಬ್ಲೇಡು, ಸ್ವಲ್ಪ ಅಂಟು. ಐದು ನಿಮಿಷದ ಕೆಲಸ. ಅದರಿಂದ ಯಾಕೆ ನಿಲ್ಲುತ್ತದೆ ಎಂದು ನಾನು ಕೇಳಿಕೊಂಡಿರಲಿಲ್ಲ. ರಿಪೇರಿ ಮಾಡುವವನು ಕೆಟ್ಟುಹೋದದ್ದರ ಕಾರಣ ಹುಡುಕುತ್ತಾನೆ. ಸರಿಹೋದದ್ದರ ಕಾರಣ ಯಾರಿಗೆ ಬೇಕು?

ಮೊದಲು ಆನ್ ಆದದ್ದು ನಮ್ಮ ಮನೆಯದೇ. ಭಾನುವಾರ ಮಧ್ಯಾಹ್ನ ಎರಡೂವರೆಗೆ ಮೂವರೂ ಊಟಕ್ಕೆ ಕೂತಿದ್ದೆವು: ಅಕ್ಕ ಪ್ರಭಾವತಿ, ಅವಳ ಗಂಡ ಯಂಕೋಬ ಮಾವ, ನಾನು. ಮೂಲೆಯ ಮೇಜಿನ ಮೇಲಿದ್ದ ಕಂಪ್ಯೂಟರಿನ ಡಬ್ಬಿಯೊಳಗೆ ಫ್ಯಾನು ಗುಂಯ್ ಎಂದು ತಿರುಗತೊಡಗಿತು. ಪರದೆ ಬೆಳಗಲಿಲ್ಲ. ಹಸಿರು ದೀಪವೊಂದು ಮಾತ್ರ ಹತ್ತಿಕೊಂಡಿತು. ಸುಮಾರು ಒಂದೂವರೆ ನಿಮಿಷ. ಆಮೇಲೆ ಅದೇ ಆರಿತು.

"ಊಟಕ್ಕ ಕುಂತಾಗ ಬಂದದ ನೋಡು ನಿನ್ನ ಗಿರಾಕಿ," ಎಂದ ಮಾವ. "ಅದಕ್ಕೂ ಒಂದು ರೊಟ್ಟಿ ಹಾಕು, ಪ್ರಭಾ."

"ಲೇ ಮೌನ್ಯಾ, ನೀ ಏನರ ಮುಟ್ಟಿದ್ದೇನು?" ಎಂದು ಅಕ್ಕ ನನ್ನ ಕಡೆ ತಿರುಗಿದಳು.

ನಾನು ಮುಟ್ಟಿರಲಿಲ್ಲ. ನನ್ನ ಕೈಯಲ್ಲಿ ಪುಂಡಿಪಲ್ಯ ಇತ್ತು.

ಎರಡು ವರ್ಷದ ಹಿಂದೆ ಕಂಪನಿಯವರು ಕಾಲೊನಿಯ ತೊಂಬತ್ತೇಳು ಮನೆಗಳಿಗೆ ಒಂದೊಂದು ಕಂಪ್ಯೂಟರನ್ನು ಮಕ್ಕಳ ಪಾಠಕ್ಕೆಂದು ಪುಕ್ಕಟೆ ಕೊಟ್ಟಿದ್ದರು. ಮಕ್ಕಳಿಲ್ಲದ ಮನೆಗೂ ಕೊಟ್ಟಿದ್ದರು. ಗಣಿ ಮುಚ್ಚಿ ಆಗಲೇ ಒಂಬತ್ತು ವರ್ಷವಾಗಿತ್ತು. ಇಪ್ಪತ್ತೆರಡನೆಯ ಹಂತದಲ್ಲಿ ಬಂಡೆ ಸಿಡಿದು ಹದಿನಾಲ್ಕು ಜನ ಸತ್ತ ಮೇಲೆ ಸರ್ಕಾರ ಬೀಗ ಹಾಕಿಸಿತ್ತು. ಚಿನ್ನದ ಪಕ್ಕದಲ್ಲೇ ಲಿಥಿಯಂ ಇದೆಯೆಂದು ಗೊತ್ತಾದ ಮೇಲೆ ಮತ್ತೆ ತೆರೆಯುವ ಮಾತು ಬಂದಿತ್ತು. ಹೊಸ ಕಂಪನಿ, ಹೊಸ ಬಣ್ಣದ ಗೇಟು, ಪುಕ್ಕಟೆ ಕಂಪ್ಯೂಟರು. ಯಾರೂ ಹೆಚ್ಚು ಯೋಚಿಸಲಿಲ್ಲ.

ಕಂಪ್ಯೂಟರ್ ರಿಪೇರಿ ನನ್ನ ಉದ್ಯೋಗ. ಅಜ್ಜ ಬಡಗಿ, ಅಪ್ಪ ಗಣಿಯ ಫಿಟ್ಟರ್, ನಾನು ಹೀಗೆ. ಕ್ರಮವಾಗಿ ಹುಡುಕಿದೆ. ಪವರ್ ಗುಂಡಿ ಒಳಗೇ ಅಂಟಿಕೊಂಡಿರಬಹುದೆಂದು ಅದರ ವೈರನ್ನೇ ಕಿತ್ತೆ. ಗುಂಡಿಯಿಲ್ಲದೆಯೂ ಆನ್ ಆಯಿತು. ಮೌಸು, ಕೀಬೋರ್ಡು ತೆಗೆದೆ. ಒಳಗಿನ ಗಡಿಯಾರಕ್ಕೆ ಯಾರಾದರೂ ಅಲಾರಂ ಇಟ್ಟಿದ್ದಾರೆಯೇ ಎಂದು ನೋಡಿದೆ, ಇರಲಿಲ್ಲ. ಕರೆಂಟು ಹೋಗಿ ಬಂದಾಗ ಏಳುತ್ತಿದೆಯೇನೋ ಎಂದು ಯುಪಿಎಸ್‌ಗೆ ಜೋಡಿಸಿದೆ. ಪವರ್ ಸಪ್ಲೈ ಬದಲಿಸಿದೆ. ಬುಧವಾರ ಬೆಳಿಗ್ಗೆ ನಾನು ಗಡ್ಡ ಹೆರೆಯುತ್ತಿದ್ದಾಗ ಬೆನ್ನ ಹಿಂದೆ ಮತ್ತೆ ಗುಂಯ್ ಎಂದಿತು. ಗಲ್ಲ ಕುಯ್ದುಕೊಂಡೆ.

ಪ್ಲಗ್ಗನ್ನೇ ಕಿತ್ತಿಡಬಹುದಿತ್ತು. ಕಿತ್ತರೆ ಅರ್ಧ ಗಂಟೆಯೊಳಗೆ ಕಂಪನಿಯಿಂದ ಫೋನು ಬರುತ್ತಿತ್ತು: ನಿಮ್ಮ ಡಬ್ಬಿ ಸಂಪರ್ಕದಲ್ಲಿಲ್ಲ, ದಯವಿಟ್ಟು ಜೋಡಿಸಿ. ಮಕ್ಕಳಿಲ್ಲದ ಮನೆಗೂ ಬರುತ್ತಿತ್ತು. ಆ ಫೋನಿನ ಬಗ್ಗೆಯೂ ನಾನು ಯೋಚಿಸಬೇಕಿತ್ತು.

ಒಂದು ವಾರದಲ್ಲಿ ಕಾಲೊನಿಯ ಏಳೂ ಮನೆಸಾಲುಗಳಿಂದ, ಅಂದರೆ ಲೈನುಗಳಿಂದ, ಜನ ಬರತೊಡಗಿದರು. ಒಂದು ಸಂಜೆ ನಾಲ್ಕನೇ ಲೈನಿನ ಒಂಬತ್ತು ಮನೆಗಳಲ್ಲಿ ಒಂದೇ ಕ್ಷಣಕ್ಕೆ ಡಬ್ಬಿಗಳು ಎದ್ದವಂತೆ. ಹೆಂಗಸರು ಬಾಗಿಲಿಗೆ ಬಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತಿದ್ದರಂತೆ. ಕೆಲವರು ಅದರ ಮೇಲೆ ದುಪ್ಪಟಿ ಹೊದಿಸಿದರು. ಒಬ್ಬರು ಅದನ್ನು ಗೋಡೆಗೆ ಮುಖ ಮಾಡಿಸಿ ಇಟ್ಟರು. ಒಬ್ಬರ ಮನೆಯಲ್ಲಿ ಅದಕ್ಕೆ ನಿಂಬೆಹಣ್ಣು ಕಟ್ಟಿದ್ದನ್ನು ಕಂಡು ನಗಬೇಕೆಂದುಕೊಂಡೆ. ನಗು ಬರಲಿಲ್ಲ. ನನ್ನ ಓದು, ನನ್ನ ಸ್ಕ್ರೂಡ್ರೈವರು, ನಾನು ಅಷ್ಟು ಇಷ್ಟಪಡುವ ಕಾರಣ ಮತ್ತು ಪರಿಣಾಮ, ಇವೆಲ್ಲ ಆ ಹಸಿರು ದೀಪದ ಮುಂದೆ ನಿಂಬೆಹಣ್ಣಿಗಿಂತ ಹೆಚ್ಚಿನದೇನನ್ನೂ ಮಾಡಿರಲಿಲ್ಲ.

ಉಪಾಯ ಸಿಕ್ಕಿದ್ದು ಆಕಸ್ಮಿಕ. ಮೇಜು ಒರೆಸಲೆಂದು ಅಕ್ಕ ಡಬ್ಬಿಯನ್ನು ಮಡಿಸಿದ ಕೌದಿಯ ಮೇಲಿಟ್ಟು ಮರೆತಳು. ನಾಲ್ಕು ದಿನ ಅದು ಏಳಲಿಲ್ಲ. ಪಕ್ಕದ ಮನೆಯದು ಎದ್ದಿತು, ನಮ್ಮದು ಏಳಲಿಲ್ಲ. ಮೇಜಿಗೆ ಇಟ್ಟೆ, ಎದ್ದಿತು. ಕೌದಿಗೆ ಇಟ್ಟೆ, ಮಲಗಿತು. ಎಲ್ಲರ ಮನೆಗೂ ಕೌದಿ ಕೊಡಲಾಗುವುದಿಲ್ಲವಲ್ಲ. ಟ್ಯೂಬನ್ನು ನಾಲ್ಕು ಪದರ ಮಡಿಸಿ, ಡಬ್ಬಿಯ ನಾಲ್ಕು ಕಾಲಿಗೆ ಅಂಟಿಸಿದೆ.

ಮುಂದಿನ ದಿನಗಳಲ್ಲಿ ನಾನು ಕಾಲೊನಿಯ ಹೀರೋ ಆಗಿಬಿಟ್ಟೆ. ನಾಲ್ಕನೇ ಲೈನು ಮೊದಲು, ಆಮೇಲೆ ಐದು, ಆರು, ಏಳು, ಕೊನೆಗೆ ಮಾರ್ಕೆಟ್ಟಿನ ಕಡೆಯ ಮೂರು ಲೈನು. ಹೋದಲ್ಲೆಲ್ಲ ಚಹಾ. ಟ್ಯೂಬು ಬೇಡ ಎಂದದ್ದು ಒಬ್ಬಳೇ, ಆರನೇ ಲೈನಿನ ಹುಸೇನಬಿ. ಎಂಬತ್ತು ದಾಟಿದ ಮುದುಕಿ, ಒಂಟಿ.

"ಯಾಕಪ್ಪ ತಡೀಬೇಕು? ಬರ್ತದ, ಎರಡು ನಿಮಿಷ ಗುಂಯ್ ಅಂತದ, ಹೋಗ್ತದ," ಎಂದಳು. "ನನ್ನ ಮಗ ಫೋನ್ ಮಾಡಿದ್ರೂ ಅಷ್ಟೇ ಮಾತಾಡೋದು."

"ಹೆದ್ರಿಕಿ ಆಗಲ್ಲೇನು ಅಮ್ಮಾ?"

"ನಾ ಈ ನೆಲದ ಮ್ಯಾಲ ಅರವತ್ತು ವರ್ಷ ಮಲಗೀನಿ. ನನ್ನ ಹೆದರಸ್ಲಿಕ್ಕೆ ಡಬ್ಬಿ ಸಾಲಲ್ಲ. ಚಹಾ ಕುಡಿ, ಹೋಗು."

ಅಕ್ಕ ಕೆಲಸ ಮಾಡುತ್ತಿದ್ದದ್ದು ಗಣಿಯ ಕಂಟ್ರೋಲ್ ರೂಮಿನಲ್ಲಿ. ದಿನವೂ ಮಧ್ಯಾಹ್ನ ಅವಳ ಬುತ್ತಿ ಒಯ್ಯುವುದು ನನ್ನ ಪಾಲಿಗಿತ್ತು. ಒಳಗೆ ಹೋಗುವಂತಿಲ್ಲ, ಗಾಜಿನ ಬಾಗಿಲ ಹೊರಗೆ ನಿಲ್ಲಬೇಕು. ಒಳಗೆ ಗೋಡೆ ತುಂಬ ಪರದೆಗಳಲ್ಲಿ ಗೀಟುಗಳು ಓಡುತ್ತಿದ್ದವು. ಕಾಲೊನಿಯಲ್ಲಿ ಅಲ್ಲಲ್ಲಿ 'ಕಿವಿ'ಗಳಿವೆ, ಬಂಡೆ ಒಳಗೆ ಬಿರುಕು ಬಿಟ್ಟರೆ ಅವಕ್ಕೆ ಕೇಳುತ್ತದೆ, ಕೇಳಿದ್ದನ್ನು ಅವು ಇಲ್ಲಿಗೆ ಕಳಿಸುತ್ತವೆ ಎಂದಷ್ಟೇ ಅವಳಿಗೆ ಹೇಳಿದ್ದರು. ಅವುಗಳನ್ನು ನೆಲದಲ್ಲಿ ಹೂತಿದ್ದಾರೆ ಎಂದು ಅವಳು ತಿಳಿದಿದ್ದಳು. ಕಿವಿಗೆ ಬಿದ್ದದ್ದೆಲ್ಲ ಬಂಡೆಯ ಸದ್ದಲ್ಲ. ಒರಳಲ್ಲಿ ಕುಟ್ಟಿದ್ದೂ ಬರುತ್ತದೆ, ದಡಾರನೆ ಬಾಗಿಲು ಹಾಕಿದ್ದೂ ಬರುತ್ತದೆ. ಗೀಟಿನ ಆಕಾರ ನೋಡಿ ಬಂಡೆಯದನ್ನು ಮಾತ್ರ ಉಳಿಸಿ ಉಳಿದದ್ದನ್ನು ಹೊಡೆದುಹಾಕುವುದು ಅವಳ ಕೆಲಸ.

"ಒನಕಿಗೂ ಬಂಡಿಗಲ್ಲಿಗೂ ಹೆಂಗ ಫರಕ್ ಗೊತ್ತಾಗ್ತದ?" ಎಂದು ಒಮ್ಮೆ ಕೇಳಿದ್ದೆ.

"ಒನಕಿ ಒಮ್ಮಿಂದೊಮ್ಮೆ ಶುರು ಆಗಿ ಒಮ್ಮಿಂದೊಮ್ಮೆ ನಿಂದರ್ತದ. ಬಂಡಿ ಹಂಗಲ್ಲ. ಸಣ್ಣ ಗೀಟು ಮೊದ್ಲು, ಆಮ್ಯಾಲ ದೊಡ್ಡದು, ಆಮ್ಯಾಲ ಬಾಲ. ಉದ್ದನ್ ಬಾಲ." ಅವಳು ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿದ್ದಳು.

ಬಂಡೆ ಮೂವತ್ತು ದಿನ ಸದ್ದಿಲ್ಲದೆ ಇದ್ದರೆ ಗಣಿ ತೆರೆಯಬಹುದು ಎಂಬುದು ಕಾನೂನು. ಹನ್ನೊಂದು ವರ್ಷದಿಂದ ಬಂಡೆ ಮೂವತ್ತು ದಿನ ಸುಮ್ಮನಿದ್ದದ್ದೇ ಇಲ್ಲ. ಈ ಸಲ ಸುಮ್ಮನಾಯಿತು. ಮೊದಲ ಪಾಳಿಗೆ ಮೂವತ್ತೆಂಟು ಜನರ ಪಟ್ಟಿ ಬಂತು. ಯಂಕೋಬ ಮಾವನ ಹೆಸರು ಐದನೆಯದು. ಅವನು ಹಳೆಯ ಬೂಟಿಗೆ ಎಣ್ಣೆ ಹಚ್ಚಿ ಹಚ್ಚಿ ಮೂರು ಸಂಜೆ ಕಳೆದ. ಹನ್ನೊಂದು ವರ್ಷ ಅಂಗಡಿ, ಲಾರಿ, ಇಟ್ಟಿಗೆ ಭಟ್ಟಿ ಎಂದು ತಿರುಗಿ ಬಂದವನು ಒಂದೇ ವಾರದಲ್ಲಿ ಎರಡು ಇಂಚು ಎತ್ತರವಾದವನಂತೆ ನಡೆಯುತ್ತಿದ್ದ.

"ಬಂಡಿಗೆ ನಿದ್ದಿ ಹತ್ಯದ ಈಗ," ಎಂದು ಅಕ್ಕ ಎಲ್ಲರಿಗೂ ಹೇಳಿದಳು. ಅವಳ ದನಿಯಲ್ಲಿ ಹೆಮ್ಮೆಯಿತ್ತು. ಜೋಗುಳ ಹಾಡಿ ಮಲಗಿಸಿದವಳು ತಾನೇ ಎಂಬಂತೆ.

ತೆರೆಯುವ ದಿನ ಬೆಳಿಗ್ಗೆ ಹತ್ತರಿಂದ, ಜನರನ್ನು ಗಣಿಯೊಳಗೆ ಒಯ್ಯುವ ಪಂಜರ ಎರಡು ಸಲ ಇಳಿಯಿತು. ಮೊದಲು ಇಪ್ಪತ್ತು ಜನ, ಆಮೇಲೆ ಹದಿನೆಂಟು. ಮಾವ ಇಳಿದದ್ದು ಎರಡನೆಯದರಲ್ಲಿ. ಸರಳುಗಳ ನಡುವಿನಿಂದ ನನ್ನ ಕಡೆ ನೋಡಿ, "ಏ ಮೌನೇಶಪ್ಪ, ಮ್ಯಾಲ ಏನರ ಕೆಟ್ರ ನೋಡ್ಕೋ, ಕೆಳಗಿಂದು ನಾ ನೋಡ್ಕೋತೀನಿ," ಎಂದ. ಎಲ್ಲರೂ ನಕ್ಕರು.

ಮನೆಯವರಿಗೆ ಅವತ್ತೊಂದು ದಿನ ಕಂಟ್ರೋಲ್ ರೂಮಿನೊಳಗೆ ಪ್ರವೇಶವಿತ್ತು. ಈ ಕಿವಿಗಳನ್ನು ರೂಪಿಸಿದ ವಿಜ್ಞಾನಿ ಡಾಕ್ಟರ್ ಸೋಮಯಾಜಿ ದೊಡ್ಡ ಪರದೆಯ ಮುಂದೆ ನಿಂತಿದ್ದರು. ತೆಳ್ಳನೆಯ, ನಗುಮುಖದ ಮನುಷ್ಯ.

"ಇವತ್ತು ಒಂದು ಗುಟ್ಟು ಹೇಳುತ್ತೇನೆ," ಎಂದರು. "ಈ ಬಂಡೆಯ ಮಾತು ಕೇಳಿಸಿಕೊಂಡದ್ದು ನೀವೇ. ನಿಮ್ಮ ಮನೆಯ ಕಂಪ್ಯೂಟರಿನೊಳಗೆ ಸಾಸಿವೆ ಕಾಳಿನಷ್ಟು ಒಂದು ಚಿಪ್ ಇದೆ. ನೆಲದಲ್ಲಿ ಹೂತಿದ್ದ ಹಳೆಯ ಕಿವಿಗಳನ್ನು ಬಿಟ್ಟು ಎರಡು ತಿಂಗಳ ಹಿಂದೆ ಅದನ್ನು ಚಾಲೂ ಮಾಡಿದೆವು. ನೆಲದಿಂದ ಚುರುಕಾದ ಕಂಪನ ಬಂದರೆ ಅದು ಯಂತ್ರವನ್ನು ಎಬ್ಬಿಸುತ್ತದೆ. ಯಂತ್ರ ತೊಂಬತ್ತು ಸೆಕೆಂಡು ಆಲಿಸಿ, ಇಲ್ಲಿಗೆ ಕಳಿಸಿ, ಮಲಗುತ್ತದೆ. ಮೊದಲೇ ಹೇಳಿದ್ದರೆ ದೀಪ ಹತ್ತಿದಾಗಲೆಲ್ಲ ಊರು ಬೀದಿಗೆ ಬರುತ್ತಿತ್ತು. ಅದಕ್ಕೇ ಹೇಳಲಿಲ್ಲ, ಕ್ಷಮಿಸಿ."

ಜನ ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ.

"ಬಂಡೆ ಹೇಗೆ ಶಾಂತವಾಯಿತು ನೋಡಿ." ಅವರು ಗುಂಡಿ ಒತ್ತಿದರು. ಪರದೆಯ ಮೇಲೆ ಕಾಲೊನಿಯ ನಕ್ಷೆ ಬಂತು. ಮನೆಗೊಂದು ಕೆಂಪು ಚುಕ್ಕಿ. ಎರಡು ತಿಂಗಳು ಒಂದು ನಿಮಿಷದಲ್ಲಿ ಓಡತೊಡಗಿತು. ನಾಲ್ಕನೇ ಲೈನಿನಲ್ಲಿ ಚುಕ್ಕಿಗಳು ಒಂದೊಂದಾಗಿ ಹಸಿರಾದವು, ಎಡದಿಂದ ಬಲಕ್ಕೆ. ಎಡದಿಂದ ಬಲಕ್ಕೆ ಹೋದದ್ದು ನಾನು. ಹಸಿರು ನಡುವೆ ಒಂದು ಮನೆ ಬಿಟ್ಟು ಮುಂದೆ ಹೋಗಿ, ಮತ್ತೆ ಹಿಂದೆ ಬಂದು ಅದನ್ನೂ ತುಂಬಿತು. ಅವತ್ತು ಆ ಮನೆಗೆ ಬೀಗವಿತ್ತು, ಮರುದಿನ ಹೋಗಿದ್ದೆ. ಐದನೇ ಲೈನು. ಆರನೇ ಲೈನು. ಏಳು. ಯಾವ ಮನೆಯಲ್ಲಿ ಚಹಾ ಕುಡಿದೆ, ಯಾವ ಮನೆಯಲ್ಲಿ ಅಂಟು ಮುಗಿಯಿತು, ಎಲ್ಲವನ್ನೂ ಆ ನಕ್ಷೆ ಬಲ್ಲದಾಗಿತ್ತು.

ಕೊನೆಗೆ ಕಾಲೊನಿ ಪೂರ್ತಿ ಹಸಿರು. ಆರನೇ ಲೈನಿನಲ್ಲಿ ಒಂದು ಚುಕ್ಕಿ ಮಾತ್ರ ಕೆಂಪಗೆ ಮಿಟುಕುತ್ತಲೇ ಇತ್ತು.

"ಅದು?" ಯಾರೋ ಕೇಳಿದರು.

"ಅದು ಕೆಟ್ಟ ಕಿವಿ. ತೊಂಬತ್ತಾರು ಸುಮ್ಮನಿರುವಾಗ ಒಂದು ಮಾತ್ರ ಕೂಗಿದರೆ ನಾವು ತೊಂಬತ್ತಾರನ್ನು ನಂಬುತ್ತೇವೆ."

ನಾನು ಜನರನ್ನು ತಳ್ಳಿಕೊಂಡು ಅಕ್ಕನ ಕುರ್ಚಿಯ ಹತ್ತಿರ ಹೋದೆ. "ಅಕ್ಕಾ, ಟ್ಯೂಬು," ಎಂದೆ. "ಬಂಡಿ ಮಲಗಿಲ್ಲ. ನಾ ಕಿವಿಗೆ ಅರಿವಿ ತುರುಕೀನಿ."

ಅವಳಿಗೆ ಅರ್ಥವಾಗಲು ಎರಡು ಕ್ಷಣ ಹಿಡಿಯಿತು. "ಒರಳಿನ ಸದ್ದೂ ನಿಂತಿತ್ತು," ಎಂದಳು, ತನ್ನಷ್ಟಕ್ಕೆ. "ಒಂದು ತಿಂಗಳಿಂದ ಒಬ್ಬರ ಮನೀದೂ ಒರಳು ಬಂದಿಲ್ಲ. ನನಗ ತಿಳೀಬೇಕಿತ್ತು."

ಸೋಮಯಾಜಿಯವರು ನನ್ನ ಮಾತು ಕೇಳಿದರು. ನಗು ಮೊದಲು ತುಟಿಯಿಂದ ಹೋಯಿತು, ಆಮೇಲೆ ಕಣ್ಣಿನಿಂದ. ಆದರೂ, "ಎಷ್ಟು ಮನೆ?" ಎಂದಾಗ ಅವರ ದನಿಯಲ್ಲಿ ಆಸೆಯಿತ್ತು.

"ತೊಂಬತ್ತಾರು."

ಅವರು ಕಿಟಕಿಯ ಕಡೆ ತಿರುಗಿದರು. "ಒಮ್ಮೆ ಸೈರನ್ ಕೂಗಿಸಿದರೆ ಈ ಗಣಿ ಮತ್ತೆ ತೆರೆಯುವುದಿಲ್ಲ. ಈ ಊರಿಗೆ ಇನ್ನೊಂದು ಅವಕಾಶ ಕೊಡುವವರಿಲ್ಲ. ಒಂದು ರಬ್ಬರ್ ತುಂಡಿನ ಮಾತಿನ ಮೇಲೆ ನಾನು ಅದನ್ನು ಮಾಡಲಾರೆ. ನಿಯಮ ಇದೆ. ಹತ್ತು ನಿಮಿಷದೊಳಗೆ ಮೂರು ಕಿವಿ ಒಂದೇ ಮಾತು ಹೇಳಿದರೆ ಸೈರನ್ ಒತ್ತಲು ಆಪರೇಟರ್ ಯಾರನ್ನೂ ಕೇಳಬೇಕಾಗಿಲ್ಲ."

ಅಕ್ಕ ಆ ಮಿಟುಕುವ ಚುಕ್ಕಿ ನೋಡಿದಳು. "ಹುಸೇನಬೀದು ಒಂದು. ಇನ್ನೆರಡು ಬೇಕು. ಓಡು."

ಅಕ್ಕನಿಗೆ ಫೋನು ಹಚ್ಚಿ, ಅದನ್ನು ಕೈಯಲ್ಲೇ ಹಿಡಿದು ಓಡಿದೆ. ನಮ್ಮ ಮನೆ ಎರಡನೇ ಲೈನಿನ ಮೊದಲನೆಯದು. ಡಬ್ಬಿಯನ್ನು ಬೋರಲು ಹಾಕಿ ನಾಲ್ಕೂ ಕಾಲಿನ ಟ್ಯೂಬು ಬ್ಲೇಡಿನಿಂದ ಕಿತ್ತೆ. ಬರಿಯ ಕಲ್ಲಿನ ನೆಲದ ಮೇಲೆ ಇಟ್ಟೆ. ಇಟ್ಟ ಅಲುಗಾಟಕ್ಕೆ ಒಮ್ಮೆ ಎದ್ದು ಮಲಗಿತು, ಅದು ಲೆಕ್ಕಕ್ಕಿಲ್ಲ. ಕೂತೆ. ಎರಡು ತಿಂಗಳು ಇದು ಆನ್ ಆಗದಿರಲೆಂದು ಹೆಣಗಿದವನು ಈಗ ಮೊಣಕಾಲು ಊರಿ ಏಳು, ಏಳು ಎನ್ನುತ್ತಿದ್ದೆ. ಎದ್ದರೆ ಮಾವನ ತಲೆಯ ಮೇಲಿನ ಬಂಡೆ ಬಿರಿಯುತ್ತಿದೆ ಎಂದರ್ಥ. ಏಳದಿದ್ದರೂ ಬಿರಿಯುತ್ತಿರಬಹುದು. ಯಾವುದು ಬೇಕೆಂದು ಬೇಡಲಿ?

ಗುಂಯ್ ಎಂದಿತು.

ಫೋನಿನಲ್ಲಿ ಅಕ್ಕನ ಉಸಿರು ಕೇಳಿತು. "ಬಂತು. ಬಾಲ ಅದ, ತಮ್ಮಾ. ಹಿಂತಾ ಉದ್ದನ್ ಬಾಲ ನಾ ನೋಡಿಲ್ಲ. ಇನ್ನೊಂದು."

ಪಕ್ಕದ ಮನೆಗೆ ನುಗ್ಗಿದೆ. ಅಲ್ಲಿ ಸಣ್ಣೀರಪ್ಪ ಕಾಕಾ ಟಿವಿ ನೋಡುತ್ತ ಕೂತಿದ್ದ. ನಾನು ಡಬ್ಬಿಗೆ ಕೈ ಹಾಕಿದ್ದನ್ನು ಕಂಡು ಎದ್ದು ಬಂದು ಅದನ್ನು ಅಪ್ಪಿಕೊಂಡ.

"ಏ, ಮುಟ್ಟಬ್ಯಾಡ! ನೀನೇ ಸರಿ ಮಾಡಿದ್ದು, ಈಗ ನೀನೇ ಕೆಡಸ್ತೀ?"

"ಕಾಕಾ, ಬಿಡ್ರಿ. ಮಾವ ಕೆಳಗ ಇದ್ದಾನ."

"ಅವ ಕೆಳಗಿದ್ರ ಇದಕ್ಕೇನು? ನನಗ ನಿದ್ದಿ ಬರ್ಲಿಕತ್ತದ ಈಗೀಗ!"

ಎಳೆದಾಡಿದೆವು. ಟ್ಯೂಬು ಎರಡು ಕಾಲಿನದು ಮಾತ್ರ ಬಂತು. ಬ್ಲೇಡು ಮುರಿಯಿತು. ಫೋನಿನಲ್ಲಿ ಅಕ್ಕ ಎಣಿಸುತ್ತಿದ್ದಳು: ಹುಸೇನಬಿಯ ಕಿವಿ ಮಾತಾಡಿ ಏಳು ನಿಮಿಷ ಆಗಿತ್ತು. ಹತ್ತು ದಾಟಿದರೆ ಮತ್ತೆ ಮೊದಲಿನಿಂದ ಎಣಿಕೆ. ಡಬ್ಬಿ ಸುಮ್ಮನಿತ್ತು. ಕಾಕಾ ಬೈಯುತ್ತಿದ್ದ. ಹಸಿರು ದೀಪ ಹತ್ತಲಿಲ್ಲ. ಎಂಟು.

ನಾನು ಮುಷ್ಟಿ ಕಟ್ಟಿ ಡಬ್ಬಿಯ ನೆತ್ತಿಗೆ ಗುದ್ದಿದೆ. ಒಮ್ಮೆ, ಎರಡು ಸಲ. ಗೆಣ್ಣು ಒಡೆಯಿತು. ಫ್ಯಾನು ತಿರುಗಿತು. ತೊಂಬತ್ತು ಸೆಕೆಂಡು ಅದು ಕಾಕಾನ ಬೈಗುಳವನ್ನೂ ನನ್ನ ಏದುಸಿರನ್ನೂ ಆಲಿಸಿರಬೇಕು.

"ಅಕ್ಕಾ," ಎಂದೆ ಫೋನಿಗೆ. "ಮೂರನೇದು."

ಒಮ್ಮಿಂದೊಮ್ಮೆ ಶುರುವಾಗಿ ಒಮ್ಮಿಂದೊಮ್ಮೆ ನಿಂತ ಗೀಟು ಅವಳ ಮುಂದೆ ಇತ್ತು. ಬಾಲವಿಲ್ಲದ್ದು. ಅಂಥದ್ದನ್ನು ದಿನಕ್ಕೆ ನೂರು ಹೊಡೆದುಹಾಕಿದ ಕೈ ಅವಳದು. ಎರಡು ವರ್ಷದಲ್ಲಿ ಒಮ್ಮೆಯೂ ಅವಳು ಒನಕೆಯನ್ನು ಬಂಡೆ ಎಂದಿರಲಿಲ್ಲ. ಹಾಗೆ ಎನ್ನದ ಕಾರಣಕ್ಕೇ ಅವಳನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರು.

"ಬಂಡಿನೇ," ಎಂದಳು ಅಕ್ಕ. ಆಮೇಲೆ ಕಾಲೊನಿಯ ಮೇಲೆ ಸೈರನ್ ಕೂಗಿತು.

ಪಂಜರ ಮೇಲೆ ಬರಲು ಹನ್ನೊಂದು ನಿಮಿಷ, ಇಳಿಯಲು ಹನ್ನೊಂದು. ಮೊದಲು ಇಪ್ಪತ್ತು ಜನ ಬಂದರು. ಮಾವ ಇರಲಿಲ್ಲ. ಖಾಲಿ ಪಂಜರ ಮತ್ತೆ ಕತ್ತಲೆಗೆ ಇಳಿಯಿತು. ಗಣಿಯ ಬಾಯಿಯ ಸುತ್ತ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ಉಕ್ಕಿನ ಹಗ್ಗ ಗಾಲಿಯ ಮೇಲೆ ಓಡುವುದನ್ನು ನೋಡುತ್ತ ಅದರ ಸುತ್ತು ಎಣಿಸಿದೆ. ನಾಲ್ಕು ನೂರರ ಹತ್ತಿರ ಲೆಕ್ಕ ತಪ್ಪಿತು. ಹಗ್ಗ ನಿಂತಿತು. ಕೆಳಗೆ ಯಾರೋ ಹತ್ತುತ್ತಿದ್ದಾರೆ. ಎಷ್ಟು ಹೊತ್ತು ಬೇಕು ಹದಿನೆಂಟು ಜನ ಹತ್ತಲು? ಮತ್ತೆ ಓಡಿತು.

ಮಾವ ಹೊರಬಂದದ್ದು ಸಿಟ್ಟಿನಿಂದ. ಹೆಲ್ಮೆಟ್ಟು ತೆಗೆದು ನೆಲಕ್ಕೆ ಬಡಿದ. "ಹನ್ನೊಂದು ವರ್ಷ! ಹನ್ನೊಂದು ವರ್ಷ ಆದಮ್ಯಾಲ ಒಂದು ತಾಸು! ಯಾವ ಸುಡುಗಾಡು ಮಗ ಒತ್ತಿದ್ದು ಅದನ್ನ?"

"ನಿನ್ನ ಹೆಣ್ತಿ," ಎಂದೆ.

ಅವನು ಬಾಯಿ ತೆರೆದ. ಆ ಹೊತ್ತಿಗೆ ಲೈನುಗಳ ಕಡೆಯಿಂದ ಸಣ್ಣೀರಪ್ಪ ಕಾಕಾ ಲುಂಗಿ ಎತ್ತಿಕೊಂಡು ಓಡಿ ಬರುತ್ತಿದ್ದ. "ಮೌನೇಶಾ! ಮತ್ತ ಚಾಲೂ ಆತು ನೋಡು! ನಿಂದೂ ಆತು, ನಂದೂ ಆತು, ತಾನ ಆತು, ಯಾರೂ ಮುಟ್ಟಿಲ್ಲ!"

ಆಗ ಅಂಗಾಲಿಗೆ ಪೆಟ್ಟು ಬಿತ್ತು. ಸದ್ದು ಆಮೇಲೆ ಬಂತು. ಗಣಿಯ ಬಾಯಿ ಒಮ್ಮೆ ಉಸಿರು ಒಳಗೆಳೆದುಕೊಂಡಂತಾಗಿ ಬಿಸಿ ಧೂಳನ್ನು ನಮ್ಮ ಮುಖಕ್ಕೆ ಕಾರಿತು. ಉಕ್ಕಿನ ಹಗ್ಗ ತಂತಿಯಂತೆ ಮಿಡಿಯಿತು. ಧೂಳು ಇಳಿದಾಗ ಎಲ್ಲರೂ ಬಿಳಿ. ಯಾರು ಯಾರೆಂದು ಗೊತ್ತಾಗದೆ ಹೆಂಗಸರು ಗಂಡಸರ ಮುಖ ಒರೆಸಿ ಒರೆಸಿ ನೋಡುತ್ತಿದ್ದರು. ಕೆಳಗೆ ಹೋಗುವಾಗ ಒಯ್ದ ಹಿತ್ತಾಳೆಯ ಬಿಲ್ಲೆಗಳನ್ನು ಮೇಲೆ ಬಂದವರು ತೂಗುಹಾಕುವ ಹಲಗೆಯ ಮೇಲೆ ಮೂವತ್ತೆಂಟೂ ಇದ್ದವು. ಮಾವ ತನ್ನದನ್ನು ಮೂರು ಸಲ ಮುಟ್ಟಿ ನೋಡಿದ. ಆಮೇಲೆ ಅಲ್ಲೇ ಕೂತುಬಿಟ್ಟ.

ಸಂಜೆ ಸೋಮಯಾಜಿಯವರು ಮೂರು ಗೀಟುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರು. ನಾನೂ ಅಲ್ಲಿದ್ದೆ.

"ಮೂರನೆಯದು ಮುಷ್ಟಿ," ಎಂದರು.

"ಹೌದ್ರಿ," ಎಂದಳು ಅಕ್ಕ.

"ಗೊತ್ತಿದ್ದೂ ಒತ್ತಿದಿರಿ."

"ಗೊತ್ತಿತ್ರಿ."

ಅವರು ಆ ಗೀಟಿನ ಮೇಲೆ ಬೆರಳಿಟ್ಟರು. "ನಾನು ನಿಮಗೆ ಎಲ್ಲವನ್ನೂ ಹೇಳಿದ್ದರೆ..." ಎಂದು ಶುರುಮಾಡಿ ಮುಗಿಸಲಿಲ್ಲ. ನನ್ನ ಕಡೆ ತಿರುಗಿ, "ನಾಳೆಯಿಂದಲೇ ಆ ಟ್ಯೂಬುಗಳನ್ನೆಲ್ಲ ಕಿತ್ತುಹಾಕಿ. ಒಂದೂ ಉಳಿಯಬಾರದು," ಎಂದರು. "ಯಾಕೆಂದು ಪ್ರತಿ ಮನೆಯಲ್ಲೂ ಹೇಳಿ."

ಮರುದಿನ ಹೊಸ ಬ್ಲೇಡಿನ ಪೊಟ್ಟಣ ಹಿಡಿದು ಹೊರಟೆ. ಯಾರೂ ಚಹಾ ಕೊಡಲಿಲ್ಲ. ಐದನೇ ಲೈನಿನಲ್ಲಿ ಬಾಳಮ್ಮ ಎಂಬ ಬಾಣಂತಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ನಾನು ಟ್ಯೂಬು ಕೀಳುವುದನ್ನು ನೋಡುತ್ತ ಕೂತಿದ್ದಳು. ಎಲ್ಲ ಹೇಳಿದೆ. ಬಂಡೆ, ಕಿವಿ, ಚಿಪ್.

"ಅಂದ್ರ ಇದು ಮತ್ತ ತಾನ ಚಾಲೂ ಆಗ್ತದೇನ್ರಿ ಅಣ್ಣಾ?"

"ಆಗ್ತದ ತಂಗಿ."

"ಆದ್ರ ನಾವೇನು ಮಾಡ್ಬೇಕು?"

"ಕೂಸಿನ್ನ ಎತ್ಕೊಂಡು ಹೊರಗ ಬಂದುಬಿಡು. ಬಯಲಿಗೆ."

ಅವಳು ಡಬ್ಬಿಯನ್ನು ನೋಡಿದಳು. ನಾನು ಅದನ್ನು ಬರಿಯ ನೆಲದ ಮೇಲೆ ಸರಿಯಾಗಿ ಕೂರಿಸಿದೆ. ಅಲುಗಾಟಕ್ಕೆ ಒಮ್ಮೆ ಗುಂಯ್ ಎಂದು, ತೊಂಬತ್ತು ಸೆಕೆಂಡು ಆಲಿಸಿ ಆರಿತು. ಮನೆಯೊಳಗೆ ಮಗುವಿನ ಉಸಿರಾಟ ಕೇಳುವಷ್ಟು ನಿಶ್ಶಬ್ದ.

"ಆಗ್ಲಿಲ್ಲಾಂದ್ರ?" ಎಂದಳು ಬಾಳಮ್ಮ.

ಮುಂದಿನ ಮನೆಗೆ ಹೊರಟಿದ್ದವನು ಹೊಸ್ತಿಲ ಮೇಲೆ ಕೂತೆ. ಆರಿದ ದೀಪವನ್ನು ಇಬ್ಬರೂ ನೋಡುತ್ತ ಉಳಿದೆವು.